ಮೊಮ್ಮಗು: ಬಡ್ಡಿಯೋ, ಪ್ರಸಾದವೋ?



“ಅಸಲಿಗಿಂತ ಬಡ್ಡಿಯ ಮೇಲೆ ಮಮತೆ ಹೆಚ್ಚು” ಎಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ರೂಢವಾಗಿದೆ. ಮಕ್ಕಳು ಅಸಲು, ಮೊಮ್ಮಕ್ಕಳು ಬಡ್ಡಿ ಎಂಬುದು ಇದರ ತಾತ್ಪರ್ಯ. ಮೊಮ್ಮಗುವನ್ನು ಎತ್ತಿಕೊಂಡ ಹಿರಿಯರು ನಗುನಗುತ್ತ ಈ ಮಾತನ್ನಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ, ನಾವೂ ಆಡಿದ್ದೇವೆ. ಅದರೊಳಗಿನ ಪ್ರೀತಿ ನಿಜವಾದುದು; ಅದನ್ನು ಹಳಿಯುವ ಕಾರಣವಿಲ್ಲ. ಆದರೆ ಮಾತನ್ನು ಕೊಂಚ ನಿಂತು ವಿಚಾರಿಸಿದರೆ, ಅದು ಸಾಹುಕಾರನ ಗದ್ದಿಗೆಯಿಂದ ಎದ್ದು ಬಂದ ಮಾತೆಂಬುದು ತಿಳಿಯುತ್ತದೆ. ಬಡ್ಡಿಯೆಂದರೆ ನಾವು ಕೊಟ್ಟ ಧನವು ದುಡಿದು ತಂದ ಲಾಭ. ಅದು ನಮಗೆ ಸಲ್ಲತಕ್ಕದ್ದು; ನಾವು ಕೇಳಿ ಪಡೆಯತಕ್ಕದ್ದು; ನೆನೆಸಿದಷ್ಟು ಬಾರದಿದ್ದರೆ ಮುಖ ಸಿಂಡರಿಸತಕ್ಕದ್ದು. ಮನೆಗೆ ಬಂದ ಹಸುಗೂಸು ಅಂತಹುದೇ ಏನು?

ಹನ್ನೆರಡನೆಯ ಶತಮಾನದ ಶರಣರು ತನು, ಮನ, ಧನಗಳೆಂಬ ಮೂರನ್ನೂ ತಮ್ಮ ಸ್ವತ್ತೆಂದು ಎಣಿಸಲಿಲ್ಲ. ಬಂದುದನ್ನು ಪ್ರಸಾದವೆಂದು ಸ್ವೀಕರಿಸಿದರು; ಕೊಡುವುದನ್ನು ದಾಸೋಹವೆಂದು ಬಗೆದರು. ಈ ದೃಷ್ಟಿಯಿಂದ ನೋಡಿದರೆ ಮೊಮ್ಮಗುವು ನಮಗೆ ಸಲ್ಲಬೇಕಾದ ಬಾಕಿಯೋ, ಅಥವಾ ಕೇಳದೆ ಬಂದ ಪ್ರಸಾದವೋ ಎಂಬ ಪ್ರಶ್ನೆ ಏಳುತ್ತದೆ. ಗೃಹಸ್ಥಾಶ್ರಮದ ಈ ಹೊಸ ಮೆಟ್ಟಿಲನ್ನು ಏರುತ್ತಿರುವವರ ಸಲುವಾಗಿ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ. ಅಜ್ಜನಾಗಿ ನಾನು ಕಲಿತ ಮೊದಲ ಪಾಠವು ನನ್ನ ತಪ್ಪಿನಿಂದಲೇ ದೊರೆತದ್ದು. ಆದುದರಿಂದ ಅದನ್ನು ಮರೆಮಾಚದೆ ಮೊದಲಿಗೆ ಹೇಳುತ್ತೇನೆ.

೧. ನಿರೀಕ್ಷೆಯ ಲೆಕ್ಕ

ನಮ್ಮ ಸೊಸೆ ಗರ್ಭಿಣಿಯೆಂಬ ಸುದ್ದಿ ಬಂದಂದಿನಿಂದ ಮನೆಯಲ್ಲಿ ಎರಡು ಬಗೆಯ ಸಿದ್ಧತೆಗಳು ನಡೆದವು. ನನ್ನ ಮನೆಯವರು ಪೆಟ್ಟಿಗೆಯಲ್ಲಿದ್ದ ಹಳೆಯ ನೂಲಿನ ಸೀರೆಗಳನ್ನು ತೆಗೆದು, ಒಗೆದು, ಬಿಸಿಲಿಗೆ ಹಾಕಿ, ಒಂದರ ಮೇಲೊಂದಿಟ್ಟು ಕೌದಿ ಹೊಲಿಯಲಾರಂಭಿಸಿದರು. ನಾನು ನನ್ನ ದಿನಚರಿಯ ಕೊನೆಯ ಹಾಳೆಯಲ್ಲಿ ನನ್ನ ತಂದೆಯವರ ಹೆಸರನ್ನು ಬರೆದೆನು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರನ್ನೋ ಮುತ್ತಜ್ಜನ ಹೆಸರನ್ನೋ ಇಡುವ ವಾಡಿಕೆ ನಮ್ಮ ಕಡೆಯಲ್ಲುಂಟು. ಹೆಣ್ಣು ಮಗುವಾದರೆ ಏನೆಂದು ನಾನು ಬರೆದಿರಲಿಲ್ಲ. ಆ ಹಾಳೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲವೆಂದಲ್ಲ; ಮನಸ್ಸಿನಲ್ಲಿ ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೌದಿಯನ್ನು ಹೊಲಿದವರು ಬರುವ ಜೀವಕ್ಕೆ ಚಳಿಯಾದೀತೆಂಬುದನ್ನು ಮಾತ್ರ ಎಣಿಸಿದರು. ಕೌದಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ನಾನಾದರೋ ಬರುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಿ, ಅವರ ಬರವನ್ನು ಕಾಯುತ್ತ ಕುಳಿತೆನು. ಒಂದು ಸಿದ್ಧತೆಯು ಮಗುವಿಗಾಗಿ ನಡೆಯಿತು, ಇನ್ನೊಂದು ನನಗಾಗಿ.

ಕುಬಸದ ಕಾರ್ಯ ಮುಗಿದು ಸೊಸೆ ತವರಿಗೆ ಹೋದಳು. ದಿನ ತುಂಬಿದ ಮೇಲೆ ಒಂದು ಬೆಳಗಿನ ಜಾವ, ನಾನು ಲಿಂಗಪೂಜೆಯನ್ನು ಮುಗಿಸಿ ಏಳುತ್ತಿದ್ದಂತೆ ಆಸ್ಪತ್ರೆಯಿಂದ ಮಗನ ದೂರವಾಣಿ ಬಂದಿತು. “ಹೆಣ್ಣು ಮಗು ಅಪ್ಪಾ. ತಾಯಿ, ಮಗು ಇಬ್ಬರೂ ಕ್ಷೇಮ” ಎಂದನು. ಅದಕ್ಕೆ ನನ್ನ ಬಾಯಿಂದ ಬಂದ ಮಾತು ಎರಡೇ: “ಇರಲಿ ಬಿಡು.” ಆತನು ಒಂದು ಕ್ಷಣ ಸುಮ್ಮನಿದ್ದು, “ಸರಿ ಅಪ್ಪಾ” ಎಂದು ಮಾತು ಮುಗಿಸಿದನು. ಬಾಗಿಲಲ್ಲಿ ನಿಂತಿದ್ದ ನನ್ನ ಮನೆಯವರು, “ಇರಲಿ ಬಿಡು ಎಂದು ಯಾರಿಗೆ ಅಂದಿರಿ?” ಎಂದು ಕೇಳಿದರು. ನನ್ನ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ.

ಬಂಧುಗಳೇ, “ಇರಲಿ ಬಿಡು” ಎಂಬುದು ಬೈಗುಳವಲ್ಲ. ಅದು ನಷ್ಟವನ್ನು ಸಹಿಸಿಕೊಳ್ಳುವವನ ಮಾತು. ಬೆಳೆ ಕೈಕೊಟ್ಟಾಗ, ಗಡಿಗೆ ಒಡೆದಾಗ ನಾವು ಹಾಗೆನ್ನುತ್ತೇವೆ. ಅಂದರೆ ನನ್ನ ಲೆಕ್ಕದಲ್ಲಿ ಬರಬೇಕಾಗಿದ್ದ ಬಡ್ಡಿ ಬಾರದೆ ಹೋಗಿತ್ತು. ನಾನು ಉದಾರಿಯಂತೆ ಅದನ್ನು ಮನ್ನಾ ಮಾಡುತ್ತಿದ್ದೆನು. ದಿನವೂ ಕರಸ್ಥಲದಲ್ಲಿ ಲಿಂಗವನ್ನಿಟ್ಟು ಪೂಜಿಸುವವನು, ಶಿವನು ಕೊಟ್ಟುದನ್ನು ಮನ್ನಾ ಮಾಡುವಷ್ಟು ದೊಡ್ಡವನಾದನು!

ಈ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲವೆಂಬುದನ್ನು ನಾವು ಸ್ಪಷ್ಟವಾಗಿ ಅರಿಯಬೇಕು. ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ಕಡೆಯಿಂದ ಬರುವ ಜೀವಾಣುವೇ ಹೊರತು ತಾಯಿಯಲ್ಲ. ಆಕೆಯ ಅಂಡಾಣುಗಳೆಲ್ಲವೂ ಒಂದೇ ಬಗೆಯವು. ಹೀಗಿರುವಲ್ಲಿ ಹೆಣ್ಣು ಹೆತ್ತಳೆಂದು ಸೊಸೆಯತ್ತ ಓರೆನೋಟ ಬೀರುವುದು ಅನ್ಯಾಯವೂ ಹೌದು, ಅಜ್ಞಾನವೂ ಹೌದು. ಗರ್ಭದಲ್ಲಿರುವಾಗಲೇ ಲಿಂಗವನ್ನು ಪತ್ತೆಮಾಡಿಸುವುದನ್ನು ೧೯೯೪ರ ಕಾಯಿದೆಯು ಅಪರಾಧವೆಂದು ಸಾರಿದೆ. ಇನ್ನು ವಂಶದ ಆಸ್ತಿಯ ಮಾತು: ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಭಾಗವನ್ನು ಕರ್ನಾಟಕವು ೧೯೯೪ರಲ್ಲಿ, ಇಡೀ ದೇಶವು ೨೦೦೫ರಲ್ಲಿ ಒಪ್ಪಿಕೊಂಡಿತು. ಕಾಯಿದೆಗಳು ಇಷ್ಟು ತಡವಾಗಿ ಬಂದ ದಾರಿಯನ್ನು ಶರಣರು ಎಂಟು ಶತಮಾನಗಳಿಗೂ ಮೊದಲೇ ತುಳಿದಿದ್ದರು. ಆತ್ಮಕ್ಕೆ ಹೆಣ್ಣು ಗಂಡೆಂಬುದಿಲ್ಲವೆಂದು ಜೇಡರ ದಾಸಿಮಯ್ಯನವರು ಬೋಧಿಸಿದರು. ಅಕ್ಕಮಹಾದೇವಿ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಇವರ ವಚನಗಳನ್ನು ನಾವು ತಲೆಬಾಗಿ ಓದುತ್ತೇವೆ. ಇವರೆಲ್ಲರೂ ಒಂದಾನೊಂದು ದಿನ ಯಾರದೋ ಮನೆಯಲ್ಲಿ ಹೆಣ್ಣುಕೂಸಾಗಿಯೇ ಹುಟ್ಟಿದವರು. ಆ ದಿನ ಅವರ ಅಜ್ಜಂದಿರು ಏನೆಂದಿರಬಹುದು?

೨. ಸೂತಕವಿಲ್ಲದ ಮನೆಯಲ್ಲಿ ಉಳಿದ ಸೂತಕ

ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟಗಳೆಂಬ ಪಂಚಸೂತಕಗಳನ್ನು ಶರಣಧರ್ಮವು ನಿರಾಕರಿಸಿದೆ. ಲಿಂಗವು ಅಂಗದ ಮೇಲಿರುವಲ್ಲಿ ಮೈಲಿಗೆಯು ನಿಲ್ಲಲಾರದೆಂಬುದು ಅದರ ಮೂಲತತ್ತ್ವ. ಆದುದರಿಂದ ಹೆತ್ತ ತಾಯಿ ಮೈಲಿಗೆಯಲ್ಲ. ಹುಟ್ಟಿದ ಕೂಸು ಮೈಲಿಗೆಯಲ್ಲ. ಇದನ್ನು ನಾವು ಪಾಠದಂತೆ ಒಪ್ಪಿಸುತ್ತೇವೆ. ಆದರೂ ನಮ್ಮ ಅನೇಕ ಮನೆಗಳಲ್ಲಿ ಒಂದು ಸೂತಕವು ಹಾಗೆಯೇ ಉಳಿದುಬಂದಿತು. ಹೆರಿಗೆಯಾದೊಡನೆ ಬರುವ, ಹಳದಿ ಬಣ್ಣದ, ಮಂದವಾದ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಬಿಡುವ ವಾಡಿಕೆಯೇ ಅದು. ಆಕಳು ಈದರೆ ಗಿಣ್ಣದ ಹಾಲನ್ನು ಬೆಲ್ಲ ಬೆರೆಸಿ ಕಾಸಿ ನೆರೆಮನೆಗೂ ಹಂಚಿ ಸವಿಯುವ ನಾವು, ನಮ್ಮ ಕೂಸಿನ ಪಾಲಿನ ಗಿಣ್ಣವನ್ನು ಮಣ್ಣುಪಾಲು ಮಾಡುತ್ತಿದ್ದೆವು.

ಆ ಮೊದಲ ಹಾಲು ಕೆಲವೇ ಚಮಚಗಳಷ್ಟು ಬರುತ್ತದೆ. ಹಸುಳೆಯ ಹೊಟ್ಟೆಯೂ ಅಷ್ಟೇ ಪುಟ್ಟದು. ರೋಗಗಳನ್ನು ತಡೆಯುವ ಸತ್ತ್ವವು ಅದರಲ್ಲಿ ತುಂಬಿರುವುದರಿಂದ, ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲನ್ನು ಕೊಡಬೇಕೆಂದೂ, ಆರು ತಿಂಗಳು ತುಂಬುವವರೆಗೆ ನೀರನ್ನೂ ಸೇರಿಸಿ ಬೇರೇನನ್ನೂ ಕೊಡಬಾರದೆಂದೂ ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಜೇನುತುಪ್ಪವನ್ನಂತೂ ಒಂದು ವರುಷ ತುಂಬುವ ಮೊದಲು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುಬೀಜವು ನಮಗೆ ಏನನ್ನೂ ಮಾಡದಿದ್ದರೂ ಶಿಶುವಿನ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡಬಲ್ಲುದು.

ಮಗು ಹುಟ್ಟಿದ ಮೂರನೆಯ ದಿನ ನಾವಿಬ್ಬರೂ ಬೀಗರ ಊರಿಗೆ ಹೋದೆವು. ನನ್ನ ಮನೆಯವರು ಕೌದಿಯ ಜತೆಗೆ ಜೇನಿನ ಸಣ್ಣ ಶೀಶೆಯನ್ನೂ ಒಂದು ತುಂಡು ಬಜೆಯನ್ನೂ ತಂದಿದ್ದರು. ದಾದಿಯು ಅದನ್ನು ಕಂಡು, “ಎದೆಹಾಲೊಂದೇ ಸಾಕಮ್ಮಾ, ಇನ್ನೇನೂ ಬೇಡ” ಎಂದಳು. ಅವರು ಮರುಮಾತಾಡದೆ ಶೀಶೆಯನ್ನು ಚೀಲಕ್ಕೆ ಹಾಕಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ, “ನನಗೆ ತಿಳಿದದ್ದೆಲ್ಲ ತಪ್ಪಾದರೆ ನನ್ನ ಮಕ್ಕಳು ಬದುಕಿದ್ದು ಹೇಗೆ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ನಾಲ್ಕು ಮಕ್ಕಳನ್ನು ಹೆತ್ತರು, ಬದುಕಿದವು ಮೂರು. ಎರಡನೆಯದು ನಲವತ್ತು ದಿನ ತುಂಬುವ ಮೊದಲೇ ಹೋಯಿತು. ಏಕೆ ಹೋಯಿತೆಂಬುದು ನಮಗೆ ಇಂದಿಗೂ ತಿಳಿಯದು. ಅಂದು ಬಸ್ಸಿನಲ್ಲಿ ಇಬ್ಬರೂ ಅದನ್ನೇ ನೆನೆದೆವು, ಬಾಯಿಬಿಟ್ಟು ಆಡಲಿಲ್ಲ.

ಅಜ್ಜಿಯಾಗುವ ಹೊಸತರಲ್ಲಿ ಹೆಂಗಸರಿಗೆ ಆಗುವ ಈ ನೋವನ್ನು ಗಂಡಸರಾದ ನಾವು ಅರ್ಥಮಾಡಿಕೊಳ್ಳಬೇಕು. ಜೀವಮಾನವೆಲ್ಲ ತನ್ನ ಕೈಯಲ್ಲಿದ್ದ ಒಂದೇ ಒಂದು ವಿದ್ಯೆಯನ್ನು ಯಾರೋ ಬೇಡವೆಂದಾಗ, ತನ್ನನ್ನೇ ಬೇಡವೆಂದಂತಾಗುತ್ತದೆ. ಅವರು ಅಂದು ಮಾಡಿದುದು ತಮಗೆ ತಿಳಿದಷ್ಟರಲ್ಲಿ ಶುದ್ಧವಾದ ಪ್ರೀತಿಯಿಂದ ಮಾಡಿದುದು, ಅದಕ್ಕೆ ದೋಷವಿಲ್ಲ. ಆದರೆ ತಿಳಿದ ಮೇಲೆಯೂ ಹಟ ಹಿಡಿದರೆ ಅಲ್ಲಿ ಪ್ರೀತಿಗಿಂತ ನನ್ನತನವೇ ಮುಂದಾಗುತ್ತದೆ. ಆಚಾರವೇ ಬೇರೆ, ರೂಢಿಯೇ ಬೇರೆ. ರೂಢಿಯನ್ನು ಅರಿವಿನ ಒರೆಗಲ್ಲಿಗೆ ಹಚ್ಚಿ ನೋಡುವುದೇ ಶರಣರು ತೋರಿದ ಆಚಾರ. ಹಳೆಯದೆಲ್ಲವನ್ನೂ ಬಿಡಬೇಕೆಂಬುದು ಇದರ ಅಭಿಪ್ರಾಯವಲ್ಲ. ಕೌದಿಯ ಬೆಚ್ಚನೆ, ಜೋಗುಳ, ಹದವಾದ ಎಣ್ಣೆಯ ತೀಡುವಿಕೆ, ಬಾಣಂತಿಗೆ ಕೊಡುವ ಅಂಟಿನುಂಡೆ, ಅಳವಿಯ ಪಾಯಸ, ಸಬ್ಬಸಿಗೆಯ ಪಲ್ಯ ಇವೆಲ್ಲವೂ ಉಳಿಯತಕ್ಕವು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಅರೆಹೊಟ್ಟೆಯಲ್ಲಿಡುವುದು, ಕೂಸಿನ ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ತೀಡುವುದು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು ಇವು ಬಿಡತಕ್ಕವು. ಹಾಲೂಡಿಸುವ ತಾಯಿಗೆ ಅನ್ನವೂ ನೀರೂ ಮೊದಲಿಗಿಂತ ಹೆಚ್ಚೇ ಬೇಕು.

೩. ಕೊರಳಿಗೆ ಬಂದ ಲಿಂಗ

ನಾಮಕರಣದ ದಿನ ಜಂಗಮಮೂರ್ತಿಗಳು ಬಂದು ಕೂಸಿಗೆ ವಿಭೂತಿಯನ್ನಿಟ್ಟು ಲಿಂಗವನ್ನು ಕಟ್ಟಿದರು. ಈ ಸಂಸ್ಕಾರವು ನಡೆಯುವ ದಿನ ಮತ್ತು ಕ್ರಮ ಊರಿಂದೂರಿಗೆ ಬೇರೆಯಿರಬಹುದು. ಅರ್ಥ ಮಾತ್ರ ಒಂದೇ. ಅದನ್ನು ನಾನು ನನ್ನ ಮಕ್ಕಳ ಕಾಲದಲ್ಲಿ ಹಬ್ಬದ ಗದ್ದಲದಲ್ಲಿ ನೋಡಿದ್ದೆನೇ ಹೊರತು ಯೋಚಿಸಿರಲಿಲ್ಲ. ಅಂದು ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕುಳಿತಿದ್ದಾಗ ಯೋಚಿಸುವ ಅವಕಾಶ ದೊರೆಯಿತು.

ಅಜ್ಜನಿಂದ ಮೊಮ್ಮಕ್ಕಳಿಗೆ ಬರುವ ವಸ್ತುಗಳು ಹಲವು. ಹೊಲ, ಮನೆ, ಬಂಗಾರ, ಮನೆತನದ ಹೆಸರು, ಮೂಗಿನ ಆಕಾರ, ಕೆಲವೊಮ್ಮೆ ಸಾಲ ಇವೆಲ್ಲವೂ ಬರುತ್ತವೆ. ಆದರೆ ಇಷ್ಟಲಿಂಗವು ಹಾಗೆ ಬರುವುದಿಲ್ಲ. ನಾನು ಲಿಂಗೈಕ್ಯನಾದ ದಿನ ನನ್ನ ಲಿಂಗವನ್ನು ನನ್ನ ಕರದಲ್ಲಿಯೇ ಇಟ್ಟು ಸಮಾಧಿ ಮಾಡುತ್ತಾರೆ. ಅದನ್ನು ಮಗನಿಗೆ ಹಂಚುವಂತಿಲ್ಲ, ಮೊಮ್ಮಗಳಿಗೆ ಬರೆದುಕೊಡುವಂತಿಲ್ಲ. ಮೊಮ್ಮಗಳ ಲಿಂಗವು ಮೊದಲ ದಿನದಿಂದಲೇ ಅವಳದು. ಒಬ್ಬರ ಕರಸ್ಥಲದಲ್ಲಿ ಇನ್ನೊಬ್ಬರು ಪೂಜಿಸುವುದಕ್ಕಾಗದು.

ಇದರ ತಾತ್ಪರ್ಯವನ್ನು ವಿಚಾರಿಸಿರಿ. ಇನ್ನೂ ಕತ್ತನ್ನು ನಿಲ್ಲಿಸಲರಿಯದ ಆ ಜೀವಕ್ಕೆ ನಮ್ಮ ಧರ್ಮವು ಒಂದು ಸ್ವತಂತ್ರ ಸ್ಥಾನವನ್ನು ಕೊಟ್ಟುಬಿಟ್ಟಿದೆ. ಈಕೆಯು ಶಿವನೊಡನೆ ನೇರವಾದ ಸಂಬಂಧವುಳ್ಳವಳು. ಆ ಸಂಬಂಧವು ಅಜ್ಜನ ಮೂಲಕ ಹಾಯ್ದು ಬಂದುದಲ್ಲ ಎಂದು ಸಾರಿದೆ. ಹಾಗಾದ ಮೇಲೆ “ನನ್ನ ಮೊಮ್ಮಗಳು” ಎಂಬ ಮಾತಿನಲ್ಲಿ “ನನ್ನ” ಎಂಬುದು ಒಡೆತನವನ್ನು ಹೇಳಲಾರದು. “ನನ್ನ ಗುರು” ಎನ್ನುವಾಗಲೂ “ನನ್ನ” ಎನ್ನುತ್ತೇವಷ್ಟೆ? ಅಲ್ಲಿ ನಾವು ಗುರುವಿನ ಒಡೆಯರಲ್ಲ, ಗುರುವಿಗೆ ಸೇರಿದವರು. ಆ ಅರ್ಥದಲ್ಲಿ ಮಾತ್ರ ಅದು ಸಲ್ಲುತ್ತದೆ.

ಹಿರಿತನವು ವಯಸ್ಸಿನಲ್ಲಿಲ್ಲವೆಂಬುದಕ್ಕೆ ಕಲ್ಯಾಣದಲ್ಲಿಯೇ ನಿದರ್ಶನವುಂಟು. ಚೆನ್ನಬಸವಣ್ಣನವರು ಅಕ್ಕನಾಗಮ್ಮನವರ ಮಗ, ಬಸವಣ್ಣನವರಿಗೆ ಸೋದರಳಿಯ. ಮನೆಯಲ್ಲಿ ಕಣ್ಣೆದುರು ಬೆಳೆದ ಆ ಹುಡುಗನ ಷಟ್‌ಸ್ಥಲಜ್ಞಾನವನ್ನು ಸೋದರಮಾವನಾದ ಬಸವಣ್ಣನವರು ಗೌರವದಿಂದ ಮನ್ನಿಸಿದರು. ಎತ್ತಿ ಆಡಿಸಿದ ಮಗುವಿಗೆ ಮುಂದೊಂದು ದಿನ ತಲೆಬಾಗುವ ಪ್ರಸಂಗ ಬಂದರೆ ಅದು ಹಿರಿಯರಿಗೆ ಕುಂದಲ್ಲ.

೪. ಅಜ್ಜ ಅಜ್ಜಿಯರ ಕಾಯಕ

ಒಡೆತನವಿಲ್ಲವೆಂದ ಮಾತ್ರಕ್ಕೆ ಹೊಣೆಯಿಲ್ಲವೆಂದಾಗುವುದಿಲ್ಲ; ದಾಸೋಹಿಗೆ ಒಡೆಯನಿಗಿಂತ ಕೆಲಸ ಹೆಚ್ಚು. ಭೀಮಕವಿಯ ಬಸವಪುರಾಣದಲ್ಲಿ ಬೆಜ್ಜಮಹಾದೇವಿಯ ಕಥೆ ಬರುತ್ತದೆ. ಶಿವನಿಗೆ ತಂದೆತಾಯಿಗಳಿಲ್ಲವೆಂಬುದನ್ನು ನೆನೆದು ಆಕೆಯ ಕರುಳು ಕರಗಿತು. ತಾಯಿಯಿದ್ದಿದ್ದರೆ ಈತನಿಗೆ ಇಷ್ಟೆಲ್ಲ ಕಷ್ಟ ಬರುತ್ತಿತ್ತೇ ಎಂದು ಮರುಗಿ, ತಾನೇ ತಾಯಿಯಾಗಿ, ಲಿಂಗವನ್ನು ಕೂಸಿನಂತೆ ಎಣ್ಣೆಯೊತ್ತಿ, ಎರೆದು, ಉಣಿಸಿ, ಆಡಿಸಿದಳು. ದೇವರನ್ನು ಕೂಸೆಂದು ಸೇವಿಸಿದವಳ ಕಥೆಯನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಕೂಸನ್ನು ದೇವರೆಂದು ಸೇವಿಸುವ ಸಂದರ್ಭವು ನಮ್ಮ ಮನೆಯಲ್ಲಿಯೇ ಒದಗಿದಾಗ ಅದನ್ನು ಗುರುತಿಸಬೇಡವೇ?

ಈ ಸೇವೆಯು ಎತ್ತಿ ಮುದ್ದಾಡುವುದರಲ್ಲಿ ಮುಗಿಯುವುದಿಲ್ಲ. ತೊಟ್ಟಿಲ ಸುತ್ತ ನೆರೆಯುವ ಜನರಿಗೆ ಕೊರತೆಯಿಲ್ಲ. ಬಾಣಂತಿಯ ತಟ್ಟೆಯನ್ನು ತೊಳೆಯುವವರಿಗೆ ಕೊರತೆಯುಂಟು. ನಿಜವಾದ ಕಾಯಕವು ಇರುಳು ಎರಡು ಗಂಟೆಗೆ ತಿಳಿಯುತ್ತದೆ. ಕೂಸಿಗೆ ಹಾಲೂಡಿಸುವುದು ತಾಯಿಯಿಂದ ಮಾತ್ರ ಸಾಧ್ಯ. ಊಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ತೊಯ್ದ ಬಟ್ಟೆ ಬದಲಿಸುವುದು, ತಾಯಿ ಇನ್ನೊಂದು ಗಂಟೆ ಮಲಗಲೆಂದು ತಾನು ಎಚ್ಚರವಿರುವುದು ಅಜ್ಜನಿಂದಲೂ ಸಾಧ್ಯ. ನನ್ನ ಸ್ವಂತ ಮಕ್ಕಳ ತೊಯ್ದ ಬಟ್ಟೆಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಅದು ಹೆಂಗಸರ ಕೆಲಸವೆಂದು ತಿಳಿದಿದ್ದೆನು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಇತರರಿಗೆ ಬೋಧಿಸುತ್ತ ಬಂದವನು ಅದನ್ನು ಅರವತ್ತು ದಾಟಿದ ಮೇಲೆ ಒಂದು ಹಿಡಿ ಬಟ್ಟೆಯಿಂದ ಕಲಿತೆನು.

ಅಂತಹ ಇರುಳುಗಳಿಗೆ ತಕ್ಕ ಪ್ರತಿಫಲವೂ ಉಂಟು. ಹುಟ್ಟಿದ ಹೊಸತರಲ್ಲಿ ಶಿಶುವಿಗೆ ದೂರದ್ದು ಕಾಣದು. ಎಂಟರಿಂದ ಹನ್ನೆರಡು ಅಂಗುಲದಷ್ಟು ಹತ್ತಿರವಿರುವುದೇ ಚೆನ್ನಾಗಿ ಕಾಣುತ್ತದೆ. ಎತ್ತಿಕೊಂಡವರ ಮುಖವು ಅಷ್ಟೇ ದೂರದಲ್ಲಿರುತ್ತದೆ. ಕರಸ್ಥಲದ ಲಿಂಗವನ್ನು ನಾವು ದಿಟ್ಟಿಸುವುದೂ ಹೆಚ್ಚುಕಡಿಮೆ ಅಷ್ಟೇ ಅಂತರದಿಂದ. ಸುಮಾರು ಆರನೆಯ ವಾರದಲ್ಲಿ ಕೂಸು ಮುಖವನ್ನು ನೋಡಿ ನಗಲಾರಂಭಿಸುತ್ತದೆ. ಅದಕ್ಕೆ ಮೊದಲಿನ ನಗೆಯು ನಿದ್ರೆಯ ಆಟ. ನಮ್ಮ ಕೂಸು ಮೊದಲು ಹಾಗೆ ನಕ್ಕಿದ್ದು ತನ್ನ ತಾಯಿಯನ್ನು ನೋಡಿ, ನಂತರ ಬೀಗಿತ್ತಿಯನ್ನು, ಬಳಿಕ ನನ್ನ ಮನೆಯವರನ್ನು. ನನ್ನ ಸರದಿ ಕೊನೆಗೆ ಬಂದಿತು. ಬಂದಾಗ ಮಾತ್ರ, ಇದು ನನಗೆ ಸಲ್ಲಬೇಕಾಗಿತ್ತೆಂದು ಅನ್ನಿಸಲಿಲ್ಲ. ನನ್ನಂತಹವನಿಗೂ ಬಂದಿತಲ್ಲಾ ಎಂದೆನ್ನಿಸಿತು. ಪ್ರಸಾದವೆಂಬ ಪದದ ಅರ್ಥವು ಅಷ್ಟು ಹೊತ್ತಿಗೆ ನನಗೆ ತಕ್ಕಮಟ್ಟಿಗೆ ತಿಳಿದಿತ್ತು.

ಈ ಕಾಯಕದಲ್ಲಿ ನೆನಪಿಡತಕ್ಕ ಕೆಲವು ಸಂಗತಿಗಳನ್ನು ಗೃಹಸ್ಥರ ಉಪಯೋಗಕ್ಕಾಗಿ ಹೇಳುತ್ತೇನೆ.

ಮೊದಲನೆಯದು ಲಸಿಕೆಯ ಹೊಣೆ. ಹುಟ್ಟಿದೊಡನೆ ಕ್ಷಯ, ಪೋಲಿಯೋ ಮತ್ತು ಕಾಮಾಲೆಯ ಒಂದು ಬಗೆಗೆ. ಬಳಿಕ ೬, ೧೦, ೧೪ನೆಯ ವಾರಗಳಲ್ಲಿ. ಮುಂದೆ ೯ ತಿಂಗಳು ತುಂಬಿದಾಗ ದಡಾರ ಮೊದಲಾದವುಗಳಿಗೆ ಲಸಿಕೆ ಹಾಕಿಸಬೇಕು. ಈ ದಿನಗಳನ್ನು ಬರೆದಿಟ್ಟು ನೆನಪಿಸುವುದು ಬಿಡುವುಳ್ಳ ಅಜ್ಜನಿಗೆ ತಕ್ಕ ಕೆಲಸ. ಹೆಸರು ಬರೆದಿದ್ದ ಆ ದಿನಚರಿಯ ಹಾಳೆಯಲ್ಲಿ ನಾನು ಈಗ ಇವುಗಳನ್ನು ಬರೆದಿದ್ದೇನೆ.

ಎರಡನೆಯದು ಬಾಣಂತಿಯ ಮನಸ್ಸು. ಹೆರಿಗೆಯಾದ ಮೊದಲ ವಾರದಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಸಾಮಾನ್ಯ, ತಾನಾಗಿ ಕಳೆಯುತ್ತದೆ. ಎರಡು ವಾರ ಮೀರಿಯೂ ಆಕೆ ಮಂಕಾಗಿದ್ದರೆ, ಕೂಸಿನತ್ತ ನೋಡಲೊಲ್ಲದಿದ್ದರೆ, ಕೂಸು ಮಲಗಿದಾಗಲೂ ತಾನು ನಿದ್ರಿಸಲಾರದಿದ್ದರೆ, ಅದು ಸೊಕ್ಕಲ್ಲ, ಗಾಳಿಯ ಚೇಷ್ಟೆಯೂ ಅಲ್ಲ, ಗುಣವಾಗುವಂತಹ ಕಾಯಿಲೆ. ಬೈಯದೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಲ್ಲರೂ ಕೂಸನ್ನು ನೋಡುತ್ತಿರುವಾಗ ತಾಯಿಯನ್ನು ನೋಡುವವರೊಬ್ಬರು ಮನೆಯಲ್ಲಿರಬೇಕು.

ಮೂರನೆಯದು ಎರಡು ಮನೆಗಳ ಸಂಬಂಧ. ಒಂದು ಕೂಸಿಗೆ ಅಜ್ಜಂದಿರು ಇಬ್ಬರು, ಅಜ್ಜಿಯರು ಇಬ್ಬರು. ಯಾರ ಹೋಲಿಕೆ, ಯಾರ ಕೈಯ ಬಳೆ ದೊಡ್ಡದು, ಹಬ್ಬಕ್ಕೆ ಯಾರಲ್ಲಿಗೆ ಎಂಬ ಪೈಪೋಟಿಯು ಕೂಸು ಕಣ್ಣು ಬಿಡುವ ಮೊದಲೇ ಆರಂಭವಾಗುತ್ತದೆ. ಒಂದೇ ದಾಸೋಹದ ಮನೆಯಲ್ಲಿ ಬಡಿಸುವವರು ನಾಲ್ವರಿದ್ದರೆ ಉಣ್ಣುವವರಿಗೆ ಸುಖವೇ ಹೊರತು, ಬಡಿಸುವವರಲ್ಲಿ ಜಗಳವಾಗಬೇಕಾದುದಿಲ್ಲ.

ನಾಲ್ಕನೆಯದು ಕೇಳಿ ಮಾಡುವ ಅಭ್ಯಾಸ. ೨೦೧೭ರಿಂದೀಚೆಗೆ ನೌಕರಿಯಲ್ಲಿರುವ ತಾಯಂದಿರಿಗೆ ಮೊದಲೆರಡು ಹೆರಿಗೆಗಳಲ್ಲಿ ೨೬ ವಾರಗಳ ರಜೆಯನ್ನು ಕಾಯಿದೆಯು ಕೊಟ್ಟಿದೆ. ಅದು ಮುಗಿದೊಡನೆ ಎಷ್ಟೋ ಮನೆಗಳಲ್ಲಿ ಕೂಸು ಹಗಲೆಲ್ಲ ಅಜ್ಜಿಯ ಮಡಿಲಿಗೆ ಬರುತ್ತದೆ. ಹಗಲೆಲ್ಲ ನೋಡಿಕೊಳ್ಳುವವರಿಗೆ ತಾವೇ ಯಜಮಾನರೆಂದು ತೋರುವುದು ಸಹಜ. ಆದರೂ ಏನು ಉಣಿಸಲಿ, ಯಾವಾಗ ಮಲಗಿಸಲಿ ಎಂದು ತಾಯಿತಂದೆಗಳನ್ನು ಕೇಳಿ ನಡೆದರೆ ನಮ್ಮ ಹಿರಿತನ ಕಡಿಮೆಯಾಗದು. ದೂರದೇಶದಲ್ಲಿ ಮಕ್ಕಳಿದ್ದು, ಮೊಮ್ಮಗುವನ್ನು ಮೊಬೈಲಿನ ಗಾಜಿನಲ್ಲಷ್ಟೇ ಕಾಣುವ ಹಿರಿಯರೂ ನಮ್ಮಲ್ಲಿ ಈಗ ಬಹುಮಂದಿ. ಅವರ ದಾಸೋಹವು ದಿನಕ್ಕೊಂದು ಜೋಗುಳ, ದಿನಕ್ಕೊಂದು ಕಥೆ. ನಮ್ಮ ಧ್ವನಿ ಅಲ್ಲಿಗೆ ಮುಟ್ಟುತ್ತದೆ. ಕಣ್ಣೀರನ್ನೂ ದೂರನ್ನೂ ಅಲ್ಲಿಗೆ ಮುಟ್ಟಿಸಬೇಕಾದ ಅಗತ್ಯವಿಲ್ಲ.

೫. ಕೊಡಗೂಸಿನ ಪಾಠ

ಕೋಳೂರು ಕೊಡಗೂಸಿನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ದಿನವೂ ಗುಡಿಗೆ ಹಾಲನ್ನು ಒಯ್ಯುತ್ತಿದ್ದ ತಂದೆಯು ಪರಸ್ಥಳಕ್ಕೆ ಹೊರಟಾಗ ಆ ಕೆಲಸವನ್ನು ಮಗಳಿಗೆ ವಹಿಸಿದನು. ಹಾಲನ್ನು ಶಿವನು ಕುಡಿಯುತ್ತಾನೆಂದು ಹುಡುಗಿಯು ನಂಬಿದ್ದಳು. ಕುಡಿಯದಿದ್ದಾಗ ಅತ್ತಳು, ಪ್ರಾಣ ಬಿಡುವೆನೆಂದಳು. ಶಿವನು ಕುಡಿದನು. ಹಿಂದಿರುಗಿ ಬಂದ ತಂದೆಯು ಮಗಳ ಮಾತನ್ನು ನಂಬಲಿಲ್ಲ; ಆಕೆಯೇ ಕುಡಿದಳೆಂದು ಗದರಿಸಿದನು. ಕೊನೆಗೆ ಆಕೆಯು ಲಿಂಗದಲ್ಲಿಯೇ ಐಕ್ಯಳಾದಳು.

ಈ ಕಥೆಯನ್ನು ನಾವು ಕೂಸಿನ ಮುಗ್ಧಭಕ್ತಿಗೆ ಉದಾಹರಣೆಯಾಗಿ ಹೇಳುತ್ತೇವೆ, ಅದು ಸರಿ. ಆದರೆ ಅಜ್ಜ ಅಜ್ಜಿಯರು ಅದನ್ನು ತಂದೆಯ ಕಡೆಯಿಂದಲೂ ಓದಬೇಕು. ದಿನವೂ ಹಾಲನ್ನು ಒಯ್ದವನು ಅವನೇ. ಶಿವನಿಗೆ ಹಾಲೂಡಿಸು ಎಂದು ಹೇಳಿದವನೂ ಅವನೇ. ಹೇಳಿದ ಮಾತನ್ನು ನಿಜವೆಂದು ನಂಬಿದವಳು ಮಗಳು. ತನ್ನ ಮಾತನ್ನು ತಾನೇ ನಂಬದವನು ತಂದೆ. ಮೊಮ್ಮಕ್ಕಳಿಗೆ ನಾವು ಶಿವನು ಎಲ್ಲೆಡೆ ಇದ್ದಾನೆ, ಸುಳ್ಳಾಡಬಾರದು, ಎಲ್ಲರೂ ಸಮಾನರು, ಕೆಲಸದಲ್ಲಿ ಮೇಲುಕೀಳಿಲ್ಲ ಎಂದು ಹೇಳಿಕೊಡುವವರು. ಕೂಸು ಅದನ್ನು ನಂಬುತ್ತದೆ. ಮನೆಗೆಲಸದ ಹೆಣ್ಣುಮಗಳಿಗೆ ನಾವು ಬೇರೆ ಲೋಟದಲ್ಲಿ ನೀರು ಕೊಡುವುದನ್ನು ಅದೇ ಕೂಸು ಒಂದು ದಿನ ನೋಡುತ್ತದೆ. ಆಗ ಅದು ಕೇಳುವ ಪ್ರಶ್ನೆಗೆ ಗದರಿಕೆಯಿಂದ ಉತ್ತರಿಸುವ ಸ್ಥಿತಿ ನಮಗೆ ಬಾರದಂತೆ ಈಗಿನಿಂದಲೇ ನಡೆಯುವುದು ಲೇಸು. ಕೂಸಿಗೆ ಮಾತು ಬರಲು ಒಂದು ವರುಷವಾದರೂ ಉಂಟು. ನಮ್ಮನ್ನು ತಿದ್ದಿಕೊಳ್ಳಲು ಶಿವನು ಕೊಟ್ಟ ಕಾಲಾವಕಾಶವದು.

ಉಪಸಂಹಾರ

ನಾಮಕರಣದ ದಿನ ಬಂದವರೆಲ್ಲರೂ ಊಟ ಮುಗಿಸಿ ಹೋದ ಮೇಲೆ, ನಾನು ಸೊಸೆಯ ಬಳಿ ಹೋಗಿ, ಮಗು ಹುಟ್ಟಿದ ದಿನ ನಾನು ಮಗನಿಗೆ ಆಡಿದ ಮಾತನ್ನು ತಿಳಿಸಿ, ಅದು ತಪ್ಪಾಯಿತೆಂದೆನು. ಆಕೆ ತಲೆಯೆತ್ತದೆ, ಕೂಸಿನ ಕುಲಾವಿಯನ್ನು ಕಟ್ಟುತ್ತ, “ಅಂದು ಫೋನು ನನ್ನ ಹಾಸಿಗೆಯ ಮೇಲೆಯೇ ಇತ್ತು ಮಾವನವರೇ. ನನಗೂ ಕೇಳಿಸಿತ್ತು” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, “ಕತ್ತಿನ ಕೆಳಗೆ ಕೈಯಿರಲಿ” ಎಂದಳು. ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕತ್ತಿನ ಕೆಳಗೆ ಕೈಯನ್ನಿಟ್ಟುಕೊಂಡೆನು.

ಮಗುವಿಗೆ ಹೆಸರನ್ನು ಅದರ ತಂದೆತಾಯಿಗಳೇ ಆರಿಸಿದರು. ನನ್ನ ತಂದೆಯವರ ಹೆಸರು ದಿನಚರಿಯಲ್ಲಿಯೇ ಉಳಿಯಿತು. ಅವರ ಹೆಸರು ಉಳಿಯಬೇಕಾದುದು ಅವರು ನಡೆದಂತೆ ನಾನು ನಡೆಯುವುದರಿಂದಲೇ ಹೊರತು, ಈಗ ಬಂದ ಜೀವದ ಮೇಲೆ ಅದನ್ನು ಹೊರಿಸುವುದರಿಂದಲ್ಲವೆಂದು ಈಗ ತೋರುತ್ತದೆ.

ಬಂಧುಗಳೇ, ನಿಮ್ಮಲ್ಲಿ ಯಾರ ಮನೆಯಲ್ಲಿಯಾದರೂ ಈಗ ಕೌದಿಯನ್ನು ಹೊಲಿಯುತ್ತಿರಬಹುದು. ಅವರ ಮನನಕ್ಕಾಗಿ ಮೂರು ಪ್ರಶ್ನೆಗಳನ್ನು ಇಲ್ಲಿ ಇಡುತ್ತೇನೆ. ಪೂಜೆಯ ಬಳಿಕ ಒಂದು ಗಳಿಗೆ ಕುಳಿತು ವಿಚಾರಿಸಿರಿ.

ಬರುವ ಮಗುವಿನ ವಿಷಯದಲ್ಲಿ ನಾನು ಮನಸ್ಸಿನೊಳಗೆ ಬರೆದಿಟ್ಟ ಲೆಕ್ಕ ಯಾವುದು?

ನನಗೆ ತಿಳಿದಿರುವ ರೂಢಿಗಳಲ್ಲಿ ಮಗುವಿನ ಹಿತಕ್ಕಾಗಿ ಬಿಡಬೇಕಾದುದು ಯಾವುದು, ಉಳಿಸಬೇಕಾದುದು ಯಾವುದು?

ದೂರವಾಣಿ ಬಂದ ಕ್ಷಣದಲ್ಲಿ ನಾನು ಆಡುವ ಮೊದಲ ಮಾತು ಏನಾಗಿರಬೇಕು?

ಮೂರನೆಯದಕ್ಕೆ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡಿರಿ. ಕೇಳುವವರು ಹಾಸಿಗೆಯ ಪಕ್ಕದಲ್ಲಿಯೇ ಇರುತ್ತಾರೆ.